ಕೂಗದೆ ಏರದ ಆದಪ್ಪ ಕಾಕಾ

ತನ್ನ ಸ್ವಂತ ಮಾಳಿಗೆ ಏರುವುದಕ್ಕೂ ಆದಪ್ಪ ಕಾಕಾ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ನಿಚ್ಚಣಿಕೆಯ ಮೊದಲ ಮೆಟ್ಟಿಲ ಮೇಲೆ ಒಂದು ಕಾಲು, ಎಡಗೈ ಕಿವಿಗೆ, ಆಮೇಲೆ "ಮಾಳಿಗಿ ಏರತೀನ್ರವ್ವಾ... ಒಳಗ ಹೋಗ್ರೀ!" ಎಂದು ಒಂದು ಕೂಗು. ಸೂರಿನ ಪಾರಿವಾಳಗಳು ಹಾರಿ ಮತ್ತೆ ಬಂದು ಕೂರುತ್ತಿದ್ದವು. ಕಾಕಾ ಮಾತ್ರ ಹಾಗೆಯೇ ನಿಂತಿರುತ್ತಿದ್ದ. ಗೋಡೆಯ ಆಚೆ ಹುಸೇನಸಾಬರ ಅಂಗಳ. ಆ ಮನೆಯ ಹೆಂಗಸರು ಗೋಷಾ ಪಾಲಿಸುವವರು. ಹೊರಗಿನ ಗಂಡಸರ ಕಣ್ಣಿಗೂ ಬೀಳರು, ಅವರಿಗೆ ಕೇಳುವಂತೆ ಮಾತನ್ನೂ ಆಡರು. ಆದ್ದರಿಂದ ಉತ್ತರ ಮಾತಿನಲ್ಲಿ ಬರುತ್ತಿರಲಿಲ್ಲ. ಯಾರೋ ತಾಮ್ರದ ಕೊಡಕ್ಕೆ ಸೌಟಿನಿಂದ ಒಮ್ಮೆ ಬಡಿಯುತ್ತಿದ್ದರು. ಠಣ್. ಅಂಗಳ ಖಾಲಿಯಾಯಿತು ಎಂದು ಅದರ ಅರ್ಥ. ಆ ಸದ್ದು ಬಂದ ಮೇಲೆಯೇ ಕಾಕಾನ ಎರಡನೇ ಕಾಲು ನೆಲ ಬಿಡುತ್ತಿತ್ತು.

ಸಿಂಧನೂರಿನ ನಮ್ಮ ಓಣಿಗೆ ಈ ಕೂಗು ಹೊಸದಲ್ಲ. ಮಣ್ಣಿನ ಮಾಳಿಗೆಗಳು ಭುಜಕ್ಕೆ ಭುಜ ತಾಗಿಸಿ ನಿಂತ ಕಡೆ ಒಬ್ಬರ ಮಾಳಿಗೆಯೆಂದರೆ ಇನ್ನೊಬ್ಬರ ಅಂಗಳದ ನೆತ್ತಿ. ಮಳೆಗೆ ಮುಂಚೆ ಮಣ್ಣು ಹಾಕುವವರು, ಮೆಣಸಿನಕಾಯಿ ಒಣಗಿಸುವವರು, ಎಲ್ಲರೂ ಒಂದು ದನಿ ಹಾಕಿಯೇ ಏರುತ್ತಿದ್ದರು. ಆದರೆ ಉಳಿದವರು ಕೂಗುವಷ್ಟರಲ್ಲಿ ಅರ್ಧ ನಿಚ್ಚಣಿಕೆ ದಾಟಿರುತ್ತಿದ್ದರು. ಉತ್ತರಕ್ಕೆ ಕಾಯುತ್ತಿದ್ದವನು ಕಾಕಾ ಒಬ್ಬನೇ.

ನಾನಾಗ ರಾಯಚೂರಿನಲ್ಲಿ ಕಾಲೇಜು ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಪರವಾಗಿ ಬೆಳಿಗ್ಗೆ, ವಿರೋಧವಾಗಿ ಮಧ್ಯಾಹ್ನ ಮಾತಾಡಿ ಎರಡರಲ್ಲೂ ಗೆದ್ದು ಬಂದವಳು. ಯಾವ ರೂಢಿಯನ್ನಾದರೂ ಕೆಣಕದೆ ಬಿಡುತ್ತಿರಲಿಲ್ಲ. ಪಕ್ಕದ ಮನೆಯ ಕಾಕಾ ನನಗೆ ರಜೆಯ ಎದುರಾಳಿ. ಅವನು ನನಗಿಟ್ಟ ಹೆಸರು ವಕೀಲವ್ವ.

ಒಮ್ಮೆ ಹುಸೇನಸಾಬರ ಮನೆಯವರೆಲ್ಲ ಮಸ್ಕಿಗೆ ಮದುವೆಗೆ ಹೋಗಿದ್ದರು. ಕಾಕಾ ಎಂದಿನಂತೆ ನಿಚ್ಚಣಿಕೆಗೆ ಕಾಲಿಟ್ಟು ಕೂಗಿದ. ನಾನು ಆ ಕೂಗನ್ನೇ ಹಿಡಿದುಕೊಂಡೆ.

"ಯಾರಿಗೆ ಕೂಗಿದಿ ಕಾಕಾ? ಆ ಮನಿಗೆ ಕೀಲಿ ಬಿದ್ದೈತಿ."

"ಕೀಲಿ ಅವರ ಬಾಗಲಕ್ಕ ಹಾಕ್ಯಾರ. ನನ್ನ ಬಾಯಿಗಲ್ಲ."

"ಆತು, ಕೂಗಿದಿ. ಮತ್ತ ಕಾಯಾಕತ್ತಿ ಯಾಕ? ಕೊಡ ಯಾರು ಬಡೀಬೇಕು?"

"ಅದೂ ಖರೇ" ಎಂದ. ಆದರೂ ಒಂದು ಎಲೆ ಅಡಿಕೆ ಮಡಿಸಿ ಬಾಯಿಗಿಟ್ಟುಕೊಳ್ಳುವಷ್ಟು ಹೊತ್ತು ಕಾದೇ ಏರಿದ.

ಇನ್ನೊಂದು ದಿನ ನೇರವಾಗಿಯೇ ಕೇಳಿದೆ. "ಈ ಕೂಗು ಮರ್ಯಾದಿ ಅಂತ ನೀ ತಿಳಿದಿ. ಅವರಿಗೆ ಅದು ಜೈಲಿನ ಗಂಟಿ. ನೀ ಬಾಯಿ ತಗದಾಗೊಮ್ಮೆ ಅವರು ಕೈಯಾಗಿನ ಕೆಲಸ ಬಿಟ್ಟು ಒಳಗ ಓಡಬೇಕು. ವಿಚಾರ ಮಾಡೀಯೇನು?"

"ಮಾಡೀನಿ ಬೇ. ಅದಕ್ಕ ದಿನಾ ಏರೂದು ಬಿಟ್ಟು ವಾರಕ್ಕೊಮ್ಮೆ ಏರತೀನಿ."

ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಎದುರಾಳಿ ಹೀಗೆ ಒಪ್ಪಿಕೊಂಡು ಜಾರಿಕೊಳ್ಳುವುದಕ್ಕೆ ಚರ್ಚಾಸ್ಪರ್ಧೆಯ ನಿಯಮದಲ್ಲಿ ಅವಕಾಶವಿಲ್ಲ.

ಕಾಕಾನದು ಹಗ್ಗದ ವ್ಯಾಪಾರ. ಸಂತೆಯಲ್ಲಿ ಗೋಣಿತಟ್ಟು ಹಾಸಿ ಹಗ್ಗ, ಕಣ್ಣಿ, ಮೂಗುದಾರ, ಬಾರಕೋಲು ಹರಡಿಕೊಂಡು ಕೂರುತ್ತಿದ್ದ. ಗಿರಾಕಿ ಅನುಮಾನಪಟ್ಟರೆ ಹಗ್ಗದ ಒಂದು ತುದಿ ಅವನ ಕೈಗೆ ಕೊಟ್ಟು, "ಜಗ್ಗಿ ನೋಡ್ರಿ. ಹರದ್ರ ನಂದು, ಹರೀದಿದ್ರ ನಿಮ್ದು" ಎನ್ನುತ್ತಿದ್ದ. ನನ್ನ ವಾದಗಳಿಗೂ ಅವನದು ಹಗ್ಗದ ಲೆಕ್ಕವೇ. "ವಾದ ಅಂದ್ರ ಎತ್ತಿದ್ದಂಗ ತಂಗೀ. ಮೂಗುದಾರ ನಿನ್ನ ಕೈಯಾಗಿದ್ರ ಎತ್ತು. ಬಿಟ್ಟಿ ಅಂದ್ರ ಗೂಳಿ. ಮೊದಲ ನಿನಗ ಹಾಯತೈತಿ."

ಅವನ ಒಬ್ಬಳೇ ಮಗಳು ನೀಲಕ್ಕ. ತಾಯಿಯಿಲ್ಲದ ಹುಡುಗಿ. ಗುರುಗುಂಟಾಕ್ಕೆ ಕೊಟ್ಟಿದ್ದರು. ಮದುವೆಯಲ್ಲಿ ಕಾಕಾ ಬಂಗಾರದ ಬದಲು ಹೊಲಿಗೆ ಯಂತ್ರ ಕೊಟ್ಟ. ಮಗಳು ಕೇಳಿದ್ದೇ ಅದನ್ನು. ಗಂಡನ ಮನೆಯಲ್ಲಿ ಅದರ ಮೇಲೆ ಗೋಣಿಚೀಲ ಹೊದಿಸಿ ಕುರಿ ಕಾಯಲು ಕಳಿಸಿದರು. ಕದ್ದು ಹೊಲಿದ ದಿನ ಗಂಡ ಕೈ ಮಾಡಿದ. ಮುಂದೊಂದು ಮಧ್ಯಾಹ್ನ ಅವಳು ಬಸ್ಸಿನ ಟಾಪಿನ ಮೇಲೆ ಯಂತ್ರ ಹೇರಿಸಿಕೊಂಡು ಸಿಂಧನೂರಿಗೆ ಬಂದಿಳಿದಳು. ಸುದ್ದಿ ತಿಳಿದು ಓಡಿದ ಕಾಕಾ ಏನೂ ಕೇಳಲಿಲ್ಲ. ತಾನೇ ಬಸ್ಸಿನ ಮೇಲೇರಿ, ಯಂತ್ರವನ್ನು ತಲೆ ಮೇಲೆ ಹೊತ್ತು ಮನೆಯ ದಾರಿ ಹಿಡಿದ. ದಾರಿಯಲ್ಲಿ ಆಡಿದ ಮಾತು ಒಂದೇ: "ಊಟ ಆಗೈತೇನವ್ವಾ?"

ಅವಳನ್ನು ಇರಿಸುವುದೆಲ್ಲಿ? ಮನೆ ಅಣ್ಣತಮ್ಮಂದಿರ ನಡುವೆ ಪಾಲಾಗಿತ್ತು. ಪಡಸಾಲೆ ಇಬ್ಬರಿಗೂ ಸೇರಿದ್ದು. ಅದರಾಚೆ ಕಾಕಾನ ಪಾಲಿಗೆ ಒಂದು ನಡುಮನೆ, ಅದರ ಮೇಲಿನ ಅಟ್ಟ, ಅಷ್ಟೆ. ನಡುಮನೆಯಾದರೂ ಖಾಲಿ ಇರಬೇಕಿತ್ತು. ಆದರೆ ನಮ್ಮ ಸೀಮೆಗೆ ನೀರಾವರಿ ಕಾಲುವೆ ಬಂದ ಮೇಲೆ ಭೂಮಿಯೊಳಗಿನ ಲೆಕ್ಕವೇ ಬದಲಾಗಿತ್ತು. ನಮ್ಮಲ್ಲಿ ಜೋಳ ತುಂಬಿಡುತ್ತಿದ್ದದ್ದು ಹಗೇವಿನಲ್ಲಿ, ನೆಲದೊಳಗೆ ತೋಡಿದ ಕಣಜದಲ್ಲಿ. ಅಜ್ಜಂದಿರ ಕಾಲದಿಂದ ಒಣಗಿದ್ದ ಆ ಗುಂಡಿಗಳಲ್ಲಿ ನೀರು ಒಸರತೊಡಗಿತು. ಗೊರೇಬಾಳದ ಕಡೆ ಭತ್ತ ನಲಿಯುತ್ತಿದ್ದರೆ ನಮ್ಮ ಓಣಿಯ ಜೋಳ ಕೊಳೆತು ನಾರಿತು. ಉಳಿದದ್ದನ್ನೆಲ್ಲ ಚೀಲ ಕಟ್ಟಿ ಎಲ್ಲರೂ ಮನೆಯೊಳಗೆ ಪೇರಿಸಿಕೊಂಡರು. ಕಾಕಾನ ನಡುಮನೆ ತೊಲೆಯವರೆಗೂ ಜೋಳ. ನೀಲಕ್ಕ ಪಡಸಾಲೆಯಲ್ಲಿ, ಹೋಗಿ ಬರುವವರ ಕಣ್ಣೆದುರು ಮಲಗಿ ಏಳಬೇಕಾಯಿತು.

ಕಾಕಾನ ಅಣ್ಣ ಹಿರಿಯರನ್ನು ಕೂಡಿಸಿ ಮಾತು ತೆಗೆದ. "ಬಿಟ್ಟುಬಂದ ಮಗಳನ್ನ ಪಡಸಾಲ್ಯಾಗ ಎಷ್ಟ ದಿನ ಕುಂದರಿಸ್ಕೋತಿ ಆದಪ್ಪಾ? ಉಗಾದಿಯೊಳಗ ಆಕಿಗೊಂದು ಖೋಲಿ, ಒಂದು ದುಡಿಮಿ ತೋರಸು. ಇಲ್ಲಾಂದ್ರ ಗುರುಗುಂಟಾಕ್ಕ ಕಳಸು. ಅವರೂ ಕರಿಯಾಕ ಬರತೀವಿ ಅಂದಾರ."

ಕಾಕಾ ಒಪ್ಪಿದ. ಅವನ ಲೆಕ್ಕವೆಲ್ಲ ಅಟ್ಟದ ಮೇಲಿತ್ತು. ಅಟ್ಟದ ಮಾಡನ್ನು ಎತ್ತರಿಸಿ, ಮೂಡಣ ಗೋಡೆಯಲ್ಲಿ ಒಂದು ಕಿಟಕಿ ತೆಗೆದರೆ ಅಚ್ಚುಕಟ್ಟಾದ ಖೋಲಿ. ಅಲ್ಲಿ ನೀಲಕ್ಕ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ. ಉಳಿದ ಮೂರು ಗೋಡೆಗಳು ನೆರೆಯವರ ಗೋಡೆಗೆ ಅಂಟಿದ್ದರಿಂದ ಬೆಳಕು ಬಂದರೆ ಮೂಡಣದಿಂದಲೇ ಬರಬೇಕು. ಮೂಡಣಕ್ಕೆ ಹುಸೇನಸಾಬರ ಅಂಗಳ. ಅಟ್ಟಕ್ಕೆ ಹೋಗುವ ದಾರಿಯೂ ಆ ಅಂಗಳದ ನೆತ್ತಿಯ ಮೇಲೆಯೇ: ನಿಚ್ಚಣಿಕೆ ಏರಿ, ಬಯಲು ಮಾಳಿಗೆಯ ಮೇಲೆ ನಡೆದು, ಅದೇ ಮೂಡಣ ಗೋಡೆಯ ಗಿಡ್ಡ ಬಾಗಿಲಲ್ಲಿ ಬಗ್ಗಿ ಒಳಗೆ ಹೋಗಬೇಕು.

ಕಟ್ಟಡದ ಪರವಾನಗಿಗೆ ಊರ ಕಚೇರಿಯಲ್ಲಿ ಕೊಟ್ಟ ಅರ್ಜಿ ತಿರುಗಿ ಬಂತು. ನೆರೆಮನೆಯ ಅಂಗಳದ ಮೇಲೆ ದೃಷ್ಟಿ ಬೀಳುವುದರಿಂದ ನಾಮಂಜೂರು. ಕಿಟಕಿ ಇಲ್ಲದೆ ಕಟ್ಟುವುದಾದರೆ ವಿಚಾರ ಮಾಡಬಹುದು ಎಂದು ಬಾಯಿಮಾತಿನಲ್ಲಿ ಹೇಳಿದರಂತೆ. "ಕಿಟಕಿ ಇಲ್ದ ಖೋಲಿ ಅಂದ್ರ ಮ್ಯಾಲ ಎತ್ತಿಟ್ಟ ಹಗೇವು" ಎಂದಳು ನೀಲಕ್ಕ. "ಸೂಜ್ಯಾಗ ದಾರ ಪೋಣಸಾಕ ಬೆಳಕು ಬ್ಯಾಡೇನು?"

ಲಿಂಗಸುಗೂರಿನ ಮೇಲಿನ ಕಚೇರಿಯ ಸಾಹೇಬರಲ್ಲಿಗೆ ಅಪೀಲು ಹೋಗಬಹುದೆಂದು ಗೊತ್ತಾದಾಗ ಕಾಕಾ ನೆಟ್ಟಗೆ ನನ್ನ ಹತ್ತಿರ ಬಂದ. "ಗೂಳಿ ಹಿಡಿಯೂ ಹೊತ್ತು ಬಂತು, ವಕೀಲವ್ವಾ."

ಹೆಣ್ಣಾಗಿದ್ದರಿಂದ ಹುಸೇನಸಾಬರ ಅಂಗಳಕ್ಕೆ ನನಗೆ ತಡೆಯಿರಲಿಲ್ಲ. ಮೊದಲು ಅಲ್ಲಿಗೇ ಹೋದೆ. ಅವರ ತಾಯಿ ಬಡೀಮಾ ಅಕ್ಕಿ ಆರಿಸುತ್ತ ಕೂತಿದ್ದಳು, ಮೊಮ್ಮಕ್ಕಳು ಜೈನಾಬಿ ಮತ್ತು ಅವಳ ತಂಗಿ ಸುತ್ತ. ನಾನು ಕಿಟಕಿಯ ಮಾತು ತೆಗೆದದ್ದೇ ತಡ, ಜೈನಾಬಿ ಕಣ್ಣರಳಿಸಿದಳು. "ನೀಲಕ್ಕನ ಖೋಲಿ ಆದ್ರ ನಾವೂ ಕಲೀತೀವಿ! ಬೀದ್ಯಾಗ ಕಾಲಿಡೂದಿಲ್ಲ, ಬುರ್ಖಾ ಬ್ಯಾಡ. ನಮ್ಮ ಮಾಳಿಗಿಯಿಂದ ಅವರ ಮಾಳಿಗಿಗೆ ದಾಟಿದ್ರಾತು."

ನನ್ನ ತಲೆಯಲ್ಲಿ ದೀಪ ಹತ್ತಿತು. ಆ ಖೋಲಿ ಗೋಷಾಕ್ಕೆ ಅಡ್ಡಿಯಲ್ಲ, ಗೋಷಾದ ಹುಡುಗಿಯರಿಗೆ ಇರುವ ಒಂದೇ ಶಾಲೆ! ಇದಕ್ಕಿಂತ ಗಟ್ಟಿ ವಾದ ಯಾವ ಸಾಹೇಬರ ಮುಂದೆ ಬಂದೀತು? ಆದರೆ ಬಡೀಮಾ ಮೊರ ಕೆಳಗಿಟ್ಟಳು.

"ಬೇಟಿ, ಹುಡುಗ್ಯಾರು ಬರ್ಲಿ, ಕಲೀಲಿ. ನನಗ ಖುಷಿನೇ ಐತಿ. ಆದ್ರ ಕಚೇರಿ ಕಾಗದದಾಗ ನಮ್ಮ ಹೆಣ್ಮಕ್ಕಳ ಹೆಸರು ಬರಬಾರದು. ಗೋಷಾ ಅಂದ್ರ ಮುಖಕ್ಕ ಅಷ್ಟ ಅಲ್ಲ, ಹೆಸರಿಗೂ ಐತಿ."

ಹುಸೇನಸಾಬರು ತಮ್ಮ ತಕರಾರಿಲ್ಲವೆಂದು ಬರೆದುಕೊಟ್ಟರು. ಹೆಣ್ಣುಮಕ್ಕಳ ಮಾತು ಮಾತ್ರ ಬೇಡ ಎಂದು ಅವರೂ ಕೈಮುಗಿದರು. ಒಳ್ಳೆಯ ವಾದವನ್ನು ಬಾಗಿಲ ಹೊರಗೆ ಬಿಟ್ಟು, ಎರಡನೆಯದನ್ನು ಹಿಡಿದು ಕೂರಬೇಕಾಯಿತು. ಕಿಟಕಿಯನ್ನು ಆಳೆತ್ತರಕ್ಕಿಂತ ಮೇಲೆ ಇಡುತ್ತೇವೆ. ಬೆಳಕು ಬರುತ್ತದೆ, ದೃಷ್ಟಿ ಹೋಗುವುದಿಲ್ಲ. ನೆರೆಯ ಅಂಗಳ ಕಾಣುವುದೇ ಇಲ್ಲ.

ಅಪೀಲನ್ನು ಹೀಗೆ ಬರೆದು ಓದಿ ಹೇಳಿದಾಗ ಕಾಕಾ ತಲೆ ಕೆರೆದುಕೊಂಡ. "ಕಾಣಂಗಿಲ್ಲ ಅಂತ ಹ್ಯಾಂಗ ಬರೀತಿ? ಅಟ್ಟಕ್ಕ ಹೋಗೂ ಮುಂದ ಕಾಣ್ತೈತಲ್ಲ. ಕಾಣೂದು ಕಾಣ್ತೈತಿ, ನಾವು ನೋಡಂಗಿಲ್ಲ. ಹಂಗ ಬರಿ."

"ಅದು ವಾದ ಅಲ್ಲ ಕಾಕಾ, ತಪ್ಪೊಪ್ಪಿಗಿ. ಕಚೇರಿಯವರು ಬ್ಯಾಡ ಅಂದಿದ್ದು ಕಿಟಕಿಗೆ. ಕಿಟಕಿಯಿಂದ ಕಾಣಂಗಿಲ್ಲ. ಇದರಾಗ ಸುಳ್ಳೆಲ್ಲಿ ಐತಿ?"

"ಸುಳ್ಳಿಲ್ಲ. ಖರೇನೂ ಪೂರಾ ಇಲ್ಲ."

"ಅಪ್ಪಾ, ಆಕಿ ಹೇಳಿದಂಗ ಬರಸು" ಎಂದಳು ನೀಲಕ್ಕ, ಯಂತ್ರದ ಚಕ್ರ ಒರೆಸುತ್ತ. ಕಾಕಾ ಸಹಿ ಹಾಕಿದ.

ವಿಚಾರಣೆಯ ದಿನ ಇಬ್ಬರೂ ಬಸ್ಸು ಹಿಡಿದು ಲಿಂಗಸುಗೂರಿಗೆ ಹೋದೆವು. ಮಸ್ಕಿಯಲ್ಲಿ ಬಸ್ಸು ನಿಂತಾಗ ಕಾಕಾ ನನಗೆ ಮಂಡಕ್ಕಿ ನೆನೆಸಿ ಮಾಡಿದ ಮಂಡಾಳ ಒಗ್ಗರಣೆ, ಮಿರ್ಚಿ ಕೊಡಿಸಿ ತಾನು ಬರೀ ಚಹಾ ಕುಡಿದ. ಕಚೇರಿಯ ಬಾಗಿಲಲ್ಲಿ ನಮ್ಮ ಹೆಸರು ಕರೆದದ್ದೇ, ಹೊಸ್ತಿಲ ಮೇಲೆ ಒಂದು ಕಾಲಿಟ್ಟು, "ಒಳಗ ಬರತೀವ್ರೀ!" ಎಂದು ಕೂಗಿಬಿಟ್ಟ. ಜಾಲಿಯ ಬೆಂಚಿನ ಮೇಲೆ ತೂಕಡಿಸುತ್ತಿದ್ದವರೆಲ್ಲ ಎದ್ದು ನಿಂತರು. ಜವಾನ ಗದರಿದ. ಸಾಹೇಬರು ನಕ್ಕರು. ಮೈಸೂರು ಸೀಮೆಯ ಕಡೆಯವರು, ಸಮಾಧಾನದ ಮನುಷ್ಯ. ನನ್ನ ಮಾತನ್ನು ಪೂರ್ತಿ ಕೇಳಿ, "ಚೆನ್ನಾಗಿ ವಾದಿಸುತ್ತೀಯಮ್ಮ. ಒಂದು ಸಲ ಸ್ಥಳ ನೋಡಿಬಿಡುತ್ತೇನೆ" ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಕಿಟಕಿಗೆ ಯಾವ ಬಣ್ಣ ಹಚ್ಚಬೇಕೆಂದು ಕೇಳಿದ. ನಾನು ಹಸಿರು ಎಂದೆ.

ಸಾಹೇಬರು ಬಂದದ್ದು ಉಗಾದಿಗೆ ಸ್ವಲ್ಪ ಮುಂಚೆ. ಕಾಕಾನ ಅಂಗಳದಲ್ಲಿ ಓಣಿಯವರು, ಅವನ ಅಣ್ಣ. ನೀಲಕ್ಕ ಬಾಗಿಲ ಮರೆಯಲ್ಲಿ. ನಾನು ಕಾಕಾನಿಗೆ ಹೇಳಿಕೊಟ್ಟಿದ್ದೆ: ಕೇಳಿದ್ದಕ್ಕಷ್ಟೇ ಉತ್ತರ, ಉಳಿದದ್ದು ನನಗೆ ಬಿಡು. ಅವನೂ ಹೂಂಗುಟ್ಟಿದ್ದ.

ಸಾಹೇಬರು ನಿಚ್ಚಣಿಕೆಗೆ ಕೈ ಹಾಕಿದರು. ದಾರಿ ತೋರಿಸಲು ಕಾಕಾ ಮುಂದೆ ಬಂದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಅವನ ಎಡಗೈ ಮೇಲೇಳುವುದನ್ನು ನಾನು ನೋಡಿದೆ. ತಡೆಯುವಷ್ಟರಲ್ಲಿ ತಡವಾಗಿತ್ತು.

"ಮಾಳಿಗಿ ಏರತೀವ್ರವ್ವಾ... ಒಳಗ ಹೋಗ್ರೀ!"

ಅಷ್ಟೇ ಆಗಿದ್ದರೆ ಏನಾದರೂ ಹೇಳಿ ದಾಟಿಸುತ್ತಿದ್ದೆ. ಹಿಂದೆಯೇ ಏರಲು ಹೊರಟ ಸಾಹೇಬರಿಗೆ ಕಾಕಾ ಕೈ ಅಡ್ಡ ಹಿಡಿದ. "ಒಂದೀಟು ತಡೀರಿ ಸಾಹೇಬ್ರ." ಸಾಹೇಬರು ಒಂದು ಕಾಲು ಎತ್ತಿಕೊಂಡು ನಿಂತಿದ್ದರು. ಗೋಡೆಯ ಆಚೆ ಬಳೆಗಳ ಸದ್ದು, ಪಾತ್ರೆ ಎತ್ತಿದ ಸದ್ದು, ಓಡುವ ಹೆಜ್ಜೆಗಳು. ಆಮೇಲೆ ಠಣ್.

"ಈಗ ಏರ್ರಿ" ಎಂದ ಕಾಕಾ.

ಸಾಹೇಬರು ಏರಲಿಲ್ಲ. "ಯಾಕೆ ಕೂಗಿದಿರಿ?"

"ಬಾಜೂ ಮನ್ಯಾಗ ಹೆಣ್ಮಕ್ಕಳು ಅದಾರ್ರೀ. ತಲಿ ಬಾಚ್ಕೋತ ಕುಂತಿರ್ತಾರ, ಕೂಸಿಗೆ ಹಾಲು ಕುಡಸ್ತಿರ್ತಾರ..."

"ಅಂಗಳ ಕಾಣುವುದೇ ಇಲ್ಲವೆಂದು ಅಪೀಲಿನಲ್ಲಿ ಬರೆದಿದ್ದೀರಲ್ಲ?"

ನಾನು ನಡುವೆ ಬಂದೆ. "ಸರ್, ಅದು ಕಿಟಕಿಯ ಮಾತು. ಕೂಗುವುದು ಇಲ್ಲಿನ ರೂಢಿ, ಸಾಕ್ಷಿಯಲ್ಲ."

"ರೂಢಿಗೂ ಒಂದು ಕಾರಣ ಇರುತ್ತದಲ್ಲಮ್ಮ. ಇವರೊಬ್ಬರು ಏರಿದರೇ ಆ ಮನೆಯವರು ಎದ್ದು ಓಡುತ್ತಾರೆ. ನಾಳೆ ಹೊಲಿಗೆ ಕಲಿಯುವವರು, ಅವರನ್ನು ಕರೆಯಲು ಬರುವ ಅಣ್ಣತಮ್ಮಂದಿರು ದಿನವೂ ಏರಿ ಇಳಿದರೆ? ಹುಸೇನಸಾಬರು ಒಪ್ಪಿದ್ದಾರೆ, ಸರಿ. ಅವರ ನಂತರ ಆ ಮನೆಯಲ್ಲಿ ಬಾಳುವವರು?"

ಏರಿ ನೋಡಿದರು. ಕಿಟಕಿಯ ಜಾಗ ನಾವು ಬರೆದಂತೆಯೇ ಇತ್ತೆಂದು ಒಪ್ಪಿದರು. ಬಯಲು ಮಾಳಿಗೆಯ ಮೇಲೆ ನಡೆದು, ಆಚೆ ಬಗ್ಗಿ ನೋಡಿ, ಇಳಿದು ಹೋದರು. ಬಾಗಿಲ ಮರೆಯಲ್ಲಿ ನೀಲಕ್ಕ ಇರಲಿಲ್ಲ, ಒಳಗೆ ಹೋಗಿದ್ದಳು. ಕೆಲವು ದಿನಕ್ಕೆ ಹುಕುಂ ಬಂತು: ಕೆಳಗಿನ ಕಚೇರಿಯ ತೀರ್ಮಾನ ಕಾಯಂ.

"ಯಾಕ ಕೂಗಿದಿ ಕಾಕಾ?" ಎಂದು ನಾನು ಕೇಳಿದ್ದು ಒಮ್ಮೆಯಲ್ಲ. ಅವನ ಉತ್ತರ ಬದಲಾಗಲಿಲ್ಲ. "ಕಾಲಿಟ್ಟೆ, ಬಾಯಿ ಬಂತು." ಬೇಕೆಂದೇ ಕೂಗಿದನೇ, ಆ ಪೂರ್ತಿಯಲ್ಲದ 'ಖರೇ' ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತೇ ಎಂದು ನಾನು ಇಂದಿಗೂ ವಾದ ಹೂಡಬಲ್ಲೆ, ಎರಡೂ ಕಡೆಯಿಂದ. ನಮ್ಮ ಅಪೀಲು ಕಾನೂನಿನ ಲೆಕ್ಕದಲ್ಲಿ ಸರಿಯಾಗಿತ್ತೆಂದೂ ಹೇಳಬಲ್ಲೆ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಅದಕ್ಕೂ ಮೇಲಿನ ರಾಯಚೂರಿನ ಕಚೇರಿಗೆ ಹೋಗೋಣ ಎಂದೆ. ಅಷ್ಟರಲ್ಲಿ ಉಗಾದಿ ಬಂತು. ಗುರುಗುಂಟಾದಿಂದ ಬಂಡಿ ಬಂತು. ನೀಲಕ್ಕ ಸೀರೆಗಳನ್ನು ಗಂಟು ಕಟ್ಟಿಕೊಂಡಳು. ಯಂತ್ರ ಒಯ್ಯಲಿಲ್ಲ. "ಅಲ್ಲಿ ಅದಕ್ಕ ಗೋಣಿಚೀಲ ಹೊದಸ್ತಾರ. ಇಲ್ಲೇ ಇರಲಿ." ಬಂಡಿ ಹತ್ತುವ ಮುಂಚೆ ತಿರುಗಿ ನಿಂತು ಅಪ್ಪನನ್ನು ನೋಡಿದಳು. ಅಳಲಿಲ್ಲ.

"ಆ ಮನಿ ಹೆಣ್ಮಕ್ಕಳಿಗೆ ಕೂಗಿದಿ. ಚಲೋ ಆತು. ಈ ಮನಿ ಹೆಣ್ಮಗಳಿಗೆ ಯಾವಾಗ ಕೂಗತಿ?"

ಕಾಕಾ ಬಂಡಿಯ ಹಗ್ಗ ಬಿಗಿಯಾಗಿದೆಯೇ ಎಂದು ಜಗ್ಗಿ ಜಗ್ಗಿ ನೋಡುತ್ತಿದ್ದ.

ನೀಲಕ್ಕ ಮತ್ತೆ ಬರಲಿಲ್ಲ. ಮಸ್ಕಿ ಸಂತೆಗೆ ಬಂದ ಗುರುಗುಂಟಾದವರನ್ನು ಕಾಕಾ ಕೇಳುತ್ತಿದ್ದ. ಆರಾಮ ಅದಾಳ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಯಾರೂ ಹೇಳಲಿಲ್ಲ. ಎರಡು ಮಳೆಗಾಲದ ಮೇಲೆ ಹುಸೇನಸಾಬರು ಮನೆ ಮಾರಿ ಮಸ್ಕಿಯಲ್ಲಿ ಬಳೆ ಅಂಗಡಿ ಹಾಕಿದರು. ಕೊಂಡವರು ಒಳಗೋಡೆ ಕೆಡವಿ ಗೊಬ್ಬರದ ಗೋದಾಮು ಮಾಡಿದರು.

ಕಾಕಾನನ್ನು ನಾನು ಕೊನೆಯ ಸಲ ನೋಡಿದ್ದು ಹೋದ ಬೇಸಿಗೆಯಲ್ಲಿ. ಅದೇ ವರ್ಷದ ದೀಪಾವಳಿಗೆ ಅವನಿರಲಿಲ್ಲ. ಬೇಸಿಗೆಯಲ್ಲೇ ಅವನ ದನಿ ಒಡೆದಿತ್ತು, ಮೈ ಇಳಿದಿತ್ತು. ನಾನು ಕಾನೂನು ಓದುತ್ತಿದ್ದೆ, ಹೊಸದಾಗಿ ಕಲಿತ ಉಮೇದಿನಲ್ಲಿ ಹೇಳಿದೆ: "ಕಾಕಾ, ಈಗ ಅರ್ಜಿ ಹಾಕಿದ್ರ ಮಂಜೂರಾಗ್ತೈತಿ. ಆಚಿಕಡಿ ಇರೂವು ಗೊಬ್ಬರದ ಚೀಲ. ಅವ್ಕೇನು ಗೋಷಾ?"

"ಹಾಕಬಹುದು" ಎಂದ. "ಖೋಲ್ಯಾಗ ಕುಂದರಾಕ ಯಾರದಾರ?"

ಕೈಯಲ್ಲಿ ಎಣ್ಣೆಯ ಡಬ್ಬಿಯಿತ್ತು. ಅಟ್ಟದಲ್ಲಿಟ್ಟ ಯಂತ್ರಕ್ಕೆ ಅಮಾಸೆಗೊಮ್ಮೆ ಎಣ್ಣೆ ಬಿಡುತ್ತಾನೆಂದು ಅಂದೇ ತಿಳಿದದ್ದು. "ಆಕಿ ಬರತಾಳ ಅಂತಲ್ಲ ಬೇ. ಬಂದ್ಲು ಅಂದ್ರ ಜಂಗ್ ಹಿಡದಿರಬಾರದು."

ನಿಚ್ಚಣಿಕೆಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಎಡಗೈ ಕಿವಿಗೆ. ಕೂಗು ಅರ್ಧವೇ ಹೊರಗೆ ಬಂತು. ಪಾರಿವಾಳಗಳು ಕದಲಲಿಲ್ಲ. ಗೋದಾಮಿನ ಕಡೆಯಿಂದ ಗೊಬ್ಬರದ ಘಾಟು ಬಿಟ್ಟರೆ ಏನೂ ಬರಲಿಲ್ಲ. ಒಂದು ಎಲೆ ಅಡಿಕೆಯ ಹೊತ್ತು ಕಳೆಯಿತು, ಇನ್ನೊಂದರ ಹೊತ್ತೂ ಕಳೆಯಿತು. ಕಾಕಾ ಏರಲಿಲ್ಲ. ಮೊಣಕಾಲು ನೋವಿರಬೇಕು ಎಂದುಕೊಂಡೆ. ನಾನು ಎಲ್ಲಕ್ಕೂ ಮೊದಲು ಅಂಥ ಕಾರಣ ಹುಡುಕುವವಳು. ಅವನ ಕಿವಿ ಇನ್ನೂ ಗೋಡೆಯ ಕಡೆಗೇ ಇದ್ದದ್ದು ಆಮೇಲೆ ಕಂಡಿತು.

ಬಚ್ಚಲ ಕಟ್ಟೆಯ ಮೇಲೆ ಅವನ ಮನೆಯ ಕೊಡವಿತ್ತು. ಅವನ ಬೆನ್ನ ಹಿಂದೆ ಹೋಗಿ, ಉಂಗುರ ತೊಟ್ಟ ಬೆರಳಿನಿಂದ ಒಮ್ಮೆ ಬಡಿದೆ.

ಠಣ್.

ಕಾಕಾ ತಿರುಗಲಿಲ್ಲ. ಅವನ ಭುಜಗಳು ನಕ್ಕವು.

"ಸುಳ್ಳು ಸಾಕ್ಷಿ ಹೇಳಾಕ ಕಲತಿ ವಕೀಲವ್ವಾ" ಎಂದ. ಎರಡನೇ ಕಾಲು ನೆಲ ಬಿಟ್ಟಿತು.